ಮೊಸರಿಲ್ಲದ ಬೆಂಡೆಕಾಯಿ

ಶಿಗ್ಗಾಂವಿಯ ಖಾನಾವಳಿಗೆ ಸೊಸೆಯಾಗಿ ಬಂದ ಮಂಜುಳಾ ಇಷ್ಟು ವರ್ಷ ರೊಟ್ಟಿ ಬಡಿದಿದ್ದಳೇ ಹೊರತು ಪಲ್ಯಕ್ಕೆ ಕೈ ಹಚ್ಚಿರಲಿಲ್ಲ. ಪಲ್ಯವೇನಿದ್ದರೂ ಅತ್ತೆ ಕರೆವ್ವನದು. ಆ ದಿನ ಕರೆವ್ವ ಜ್ವರ ಬಂದು ಮಲಗಿದ್ದಳು. ದುಂಡಸಿಯ ಬೆಂಡೆ ಹೊಲ ನೋಡಲು ಬಂದ ಮೆಕ್ಸಿಕೋದ ಹೆಂಗಸೊಬ್ಬಳು ಊಟಕ್ಕೆ ಬರುವವಳಿದ್ದಳು. ಅವಳು ಹಾಲು, ಮೊಸರು, ತುಪ್ಪ ಮುಟ್ಟುವವಳಲ್ಲ.

"ಮೊಸರು ಹಾಕದಿದ್ರ ಬೆಂಡಿಕಾಯಿ ಲೋಳಿ ಆಕ್ಕೈತಿ, ಬ್ಯಾಡ," ಎಂದು ಕರೆವ್ವ ಹಾಸಿಗೆಯಿಂದಲೇ ಕೂಗಿದಳು.

"ಇಲ್ರಿ ಅತ್ತಿ, ಫೋನ್‌ನ್ಯಾಗ ನೋಡೇನಿ. ಅವರ ಊರಿನ ನಮೂನಿ ಮಾಡ್ತೇನಿ."

ಹೇಳಿದ ಮೇಲೆ ಮಂಜುಳಾಗೆ ತಳಮಳ ಶುರುವಾಯಿತು. ಬೆಂಡೆಕಾಯಿ ಒರೆಸಿ, ಹೆಚ್ಚಿ, ಮುಚ್ಚಳ ಮುಚ್ಚದೆ ಎಣ್ಣೆಯಲ್ಲಿ ಹುರಿದಳು. ಲೋಳೆ ಎಳೆಎಳೆಯಾಗಿ ಬಿಡುತ್ತಲೇ ಇತ್ತು. ಬಾಗಿಲಿಗೆ ಹೋಗಿ ರಸ್ತೆ ನೋಡಿದಳು, ಮತ್ತೆ ಒಲೆಯ ಬಳಿ ಓಡಿಬಂದಳು. ಕೊನೆಗೆ ಎಳೆ ನಿಂತಾಗ ಉಳ್ಳಾಗಡ್ಡಿ, ಟೊಮೆಟೊ, ಗೋವಿನಜೋಳದ ಕಾಳು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಇಳಿಸಿ ಲಿಂಬೆ ಹಿಂಡಿದಳು.

ಬಂದವಳು ರೊಟ್ಟಿಯಲ್ಲಿ ಪಲ್ಯ ಸುತ್ತಿ ಕಚ್ಚಿದಳು. ಬಹಳ ಹೊತ್ತು ಅಗಿದಳು. ಮಂಜುಳಾ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

"ಇನ್ನೊಂದೀಟು ಹಾಕ್ರಿ, ಕೇಳಾಕತ್ತಾರ," ಎಂದ, ಅವಳನ್ನು ಕರೆತಂದಿದ್ದ ಹೊಲದ ಯಜಮಾನ ಪ್ರಭು.

ಬಡಿಸಿ ಒಳಗೆ ಬಂದರೆ ಕರೆವ್ವ ತಾಟು ಹಿಡಿದು ಕುಳಿತಿದ್ದಳು. ಒಂದು ತುತ್ತು ತಿಂದು, "ನಾಳಿ ಪಲ್ಯಾನೂ ನೀನ ಮಾಡು," ಎಂದಳು.

ನಾಳೆ ಏನು ಮಾಡುವುದೆಂಬ ಚಿಂತೆಯಲ್ಲಿ ಮಂಜುಳಾಗೆ ಊಟವೇ ಇಳಿಯಲಿಲ್ಲ.