ಹಿಮ್ಮಡಿ ತಿರುಗದ ಕಾಲು

ಮಂಡಿಯೊಳಗೆ 'ಟಕ್' ಅಂತ ಸದ್ದಾಯಿತು.

ನೋವು ಬಂದದ್ದು ಆಮೇಲೆ. ಮೊದಲು ಸದ್ದು. ಮರುಕ್ಷಣ ಎಡಗಾಲು ನನ್ನದೇ ಅಲ್ಲವೇನೋ ಅನ್ನುವ ಹಾಗೆ ಪಕ್ಕಕ್ಕೆ ವಾಲಿತು. ನಾನು ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ಬಿದ್ದಿದ್ದೆ. ಹಲಸಿನ ಕೊಂಬೆಗೆ ಕಟ್ಟಿದ್ದ ಗೋಣಿಚೀಲ ತಲೆಯ ಮೇಲೆ ಇನ್ನೂ ತೂಗಾಡುತ್ತಿತ್ತು. ಕಾಫಿ ಸಿಪ್ಪೆ ತುಂಬಿ ಒದೆಯಲಿಕ್ಕೆಂದೇ ನಾನು ಕಟ್ಟಿಕೊಂಡಿದ್ದ ಚೀಲ ಅದು.

"ಅಕ್ಕ, ಏಳು" ಅಂದಳು ತಂಗಿ ಸುಮಿ.

ಏಳಲಿಕ್ಕೆ ಆಗಲಿಲ್ಲ.

ಅವತ್ತು ಅಷ್ಟು ಜೋರಾಗಿ ಒದೆಯುವ ಅಗತ್ಯವೇ ಇರಲಿಲ್ಲ. ಆದರೆ ನನಗಿಂತ ಮುಂಚೆ ಸುಮಿ ಒದ್ದಿದ್ದಳು. ಚೀಲ 'ಫಟ್' ಅಂದಿತ್ತು. ಕರಾಟೆ ಕಲಿಯುವವರಿಗೆ ಆ ಸದ್ದಿನ ಬೆಲೆ ಗೊತ್ತು. ಪಕ್ಕದಿಂದ ಸುತ್ತಿ ಬರುವ ರೌಂಡ್‌ಹೌಸ್ ಕಿಕ್‌ನಲ್ಲಿ ಮಂಡಿ ಮೊದಲು ಮೇಲೇಳಬೇಕು, ಸೊಂಟ ಒಳಕ್ಕೆ ಹೊರಳಬೇಕು, ಕೊನೆಗೆ ಮೊಣಕಾಲಿನ ಕೆಳಗಿನ ಭಾಗ ಚಿಮ್ಮಬೇಕು. ಎಲ್ಲ ಸರಿಯಾಗಿ ಕೂಡಿ ಬಂದರೆ ಮಾತ್ರ ಆ ಸದ್ದು. ನನ್ನ ಕಿಕ್‌ಗೆ ಬರುತ್ತಿದ್ದದ್ದು 'ಧೊಪ್'.

ಅಡಿಗೆಮನೆಯಲ್ಲಿದ್ದ ಅಮ್ಮನಿಗೂ ಇದು ಗೊತ್ತಾಗುತ್ತಿತ್ತು. "ದೊಡ್ಡವಳು ಒದ್ರೆ ಮೂಟೆ ಇಳಿಸಿದ ಹಾಗೆ, ಚಿಕ್ಕವಳು ಒದ್ರೆ ಪಟಾಕಿ" ಅಂತ ನಗುತ್ತಿದ್ದಳು. ಅವಳಿಗೆ ತಮಾಷೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆ ಉರಿಯಬಾರದು? ಕರಾಟೆ ನನ್ನದು. ಗೋಣಿಬೀಡಿನ ಹತ್ತಿರದ ನಮ್ಮ ಮನೆಯಿಂದ ಮೂಡಿಗೆರೆಯ ಕ್ಲಾಸಿಗೆ ಹೋಗುತ್ತೇನೆ ಅಂತ ಹಟ ಹಿಡಿದು, ಊಟ ಬಿಟ್ಟು, ಅಪ್ಪನನ್ನು ಒಪ್ಪಿಸಿದ್ದು ನಾನು. ಹುಡುಗಿ ಒಬ್ಬಳೇ ಬಸ್ಸಿನಲ್ಲಿ ಹೋಗುವುದು ಬೇಡ ಅಂತ ಸುಮಿಯನ್ನು ಜೊತೆಗೆ ಕಳಿಸಿದರು. ಮೊದಮೊದಲು ಅವಳು ಗೋಡೆಗೊರಗಿ ಕೂತು ಕಡಲೆಕಾಯಿ ತಿನ್ನುತ್ತಿದ್ದಳು. ಸುಮ್ಮನೆ ಕೂರುವುದಕ್ಕಿಂತ ಸಾಲಿನಲ್ಲಿ ನಿಲ್ಲಲಿ ಅಂತ ಮಾಸ್ಟರು ಕರೆದರು. ಅಷ್ಟೇ. ನಾನು ಬೆವರು ಸುರಿಸಿ ಕಲಿತದ್ದು ಅವಳ ಮೈಗೆ ಸಲೀಸಾಗಿ ಬಂದುಬಿಟ್ಟಿತು.

ನನ್ನ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ಹತ್ತಿರದಲ್ಲಿತ್ತು. ಮಂಡಿ ಹೋಯಿತು.

ಸಂಜೆಯ ಹೊತ್ತಿಗೆ ಮಂಡಿ ಪಪ್ಪಾಯಿಯಷ್ಟು ಊದಿತ್ತು. ಉಳುಕು ಅಂತ ಅಮ್ಮ ಬಿಸಿ ಎಣ್ಣೆ ಹಾಕಿ ತಿಕ್ಕಿದಳು. ಊತ ಇನ್ನೂ ಹೆಚ್ಚಾಯಿತು. ಕೆಲವು ವಾರಗಳಲ್ಲಿ ಊತ ಇಳಿದರೂ ಮೆಟ್ಟಿಲಿಳಿಯುವಾಗ ಮಂಡಿ ಇದ್ದಕ್ಕಿದ್ದ ಹಾಗೆ ಜಾರುತ್ತಿತ್ತು. ಕೊನೆಗೆ ಅಪ್ಪ ಜೀಪಿನಲ್ಲಿ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಕರೆದುಕೊಂಡು ಹೋದರು. ಎಂಆರ್‌ಐ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

"ಮಂಡಿ ಮೂಳೆಗಳನ್ನ ಹಿಡಿದಿಡೋ ಎಸಿಎಲ್ ಲಿಗಮೆಂಟ್ ಪೂರ್ತಿ ಹರಿದಿದೆಯಮ್ಮ. ಆಪರೇಷನ್ ಮಾಡ್ಬೇಕು."

"ಮತ್ತೆ ಕಿಕ್ ಮಾಡ್ಬಹುದಾ ಡಾಕ್ಟ್ರೇ?"

"ಮೊದ್ಲು ನಡೀರಿ. ಆಮೇಲೆ ನೋಡೋಣ."

ಮನೆಗೆ ಬರುವವರೆಗೆ ಆ 'ಆಮೇಲೆ ನೋಡೋಣ' ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಆಪರೇಷನ್‌ನಲ್ಲಿ ತೊಡೆಯ ಹಿಂದಿನ ಸ್ನಾಯುವಿನ ಒಂದು ಎಳೆ ತೆಗೆದು ಮಂಡಿಯೊಳಗೆ ಕೂರಿಸಿದರು. ಮಂಡಿ ಬಾಗದ ಹಾಗೆ ಬ್ರೇಸ್ ಕಟ್ಟಿ, ಕೈಗೆ ವಾಕರ್ ಕೊಟ್ಟು ಕಳಿಸಿದರು. ಆಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳಲಿಕ್ಕೆ ಇಷ್ಟವಿಲ್ಲ. ಸ್ನಾನಕ್ಕೆ ಸುಮಿ ಬೇಕು. ಬಚ್ಚಲಿಗೆ ಸುಮಿ ಬೇಕು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಎಕ್ಸರ್‌ಸೈಜ್ ಮಾಡಿಸಲಿಕ್ಕೂ ಸುಮಿಯೇ ಬೇಕು. ಟವೆಲ್ ಸುತ್ತಿ ಮಂಡಿಯಡಿ ಇಟ್ಟು, "ತೊಡೆ ಬಿಗಿ ಹಿಡಿ ಅಕ್ಕ, ಇನ್ನೂ ಸ್ವಲ್ಪ" ಅನ್ನುತ್ತಿದ್ದಳು. ನಾನು ಹಲ್ಲು ಕಚ್ಚಿ ಸೂರು ನೋಡುತ್ತಿದ್ದೆ. ನನ್ನ ತೊಡೆ ದಿನದಿನಕ್ಕೂ ಸೊರಗುತ್ತಿತ್ತು. ನನ್ನ ಪಾದ ಹಿಡಿದು ಕೂತವಳ ಕಾಲು ಮಾತ್ರ ಗಟ್ಟಿಯಾಗಿ, ಚೆಂದವಾಗಿತ್ತು. ಆ ಕಾಲನ್ನು ನೋಡಿದರೇ ನನಗೆ ಆಗುತ್ತಿರಲಿಲ್ಲ. ನನ್ನ ಸೇವೆ ಮಾಡುವವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಅನ್ನುವುದು ಪಟ್ಟವರಿಗೇ ಗೊತ್ತು. ಜಗಳವಾಡುವಂತಿಲ್ಲ, ಬಿಟ್ಟಿರುವಂತಿಲ್ಲ.

ಎಕ್ಸರ್‌ಸೈಜ್ ಮುಗಿಸಿ ಅವಳು ಬ್ಯಾಗಿಗೆ ಕರಾಟೆ ಡ್ರೆಸ್ ತುಂಬಿಕೊಂಡು ಬಸ್ಸಿಗೆ ಹೊರಡುತ್ತಿದ್ದಳು. ಈಗ ಅವಳ ಜೊತೆಗೆ ಯಾರೂ ಬೇಕಾಗಿರಲಿಲ್ಲ. ಒಬ್ಬಳೇ ಹೋಗಲು ನನಗಿಲ್ಲದ ಅಪ್ಪಣೆ ಅವಳಿಗೆ ಕೇಳದೆಯೇ ಸಿಕ್ಕಿತ್ತು.

ಬೆಳಗ್ಗೆ ಕಣದಿಂದ ಸದ್ದು ಬರುತ್ತಿತ್ತು. ಫಟ್. ಫಟ್. ನಾನು ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದೆ.

ಒಂದು ದಿನ ಸದ್ದು ನಿಂತಿತು.

ಮಾರನೇ ದಿನವೂ ಇಲ್ಲ. ವಾಕರ್ ಹಿಡಿದು ಹಿಂದಿನ ಬಾಗಿಲಿಗೆ ಹೋದಾಗ ದೂರದಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಶೆಡ್ಡಿನ ಆಚೆಯಿಂದ ಸಣ್ಣಗೆ ಕೇಳಿಸಿತು. ಚೀಲವನ್ನು ಅಲ್ಲಿಗೆ ಕಟ್ಟಿಕೊಂಡಿದ್ದಳು.

"ನಾನೇ ಹೇಳ್ದೆ" ಅಂದಳು ಅಮ್ಮ. "ನೀನು ಹೀಗೆ ಮಲಗಿರ್ಬೇಕಾದ್ರೆ ನಿನ್ನ ಕಣ್ಣೆದುರೇ ಯಾಕೆ ಅಂತ. ಪಾಪ, ನಿಂಗೆ ಬೇಜಾರಾಗಲ್ವಾ?"

ಹೊಟ್ಟೆಕಿಚ್ಚನ್ನು ಹೇಗೋ ನುಂಗಿಕೊಂಡಿದ್ದೆ. ಆ 'ಪಾಪ' ಗಂಟಲಲ್ಲಿ ಇಳಿಯಲಿಲ್ಲ. ಸುಮಿ ಒಳಗೆ ಬಂದಾಗ ಕೂಗಾಡಿದೆ.

"ನನ್ನ ಮೇಲೆ ಕರುಣೆ ತೋರಿಸ್ಬೇಡ ಮಾರಾಯ್ತಿ. ಚೀಲ ಕಣಕ್ಕೆ ತಾ. ನನ್ನೆದುರು ಒದಿ."

"ನಿಂಗೆ ನೋಡಕ್ಕಾಗುತ್ತಾ?"

"ಆಗಲ್ಲ. ಆದ್ರೂ ಒದಿ."

ಅವಳು ಚೀಲ ತಂದು ಹಲಸಿನ ಕೊಂಬೆಗೆ ಕಟ್ಟಿದಳು. ನಾನು ಜಗಲಿಯಲ್ಲಿ ಕುರ್ಚಿ ಹಾಕಿ, ಬ್ರೇಸ್ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತೆ. ಅಷ್ಟು ವರ್ಷ ಪಕ್ಕದಲ್ಲೇ ನಿಂತು ಒದ್ದಿದ್ದರೂ ಅವಳನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ನೋಡುತ್ತಿದ್ದದ್ದು ಎತ್ತಿದ ಕಾಲನ್ನು. ಎಷ್ಟು ಮೇಲೆ ಹೋಯಿತು, ನನ್ನದಕ್ಕಿಂತ ಮೇಲೋ ಕೆಳಗೋ, ಅಷ್ಟೇ ನನ್ನ ಲೆಕ್ಕ. ಈಗ ಕುರ್ಚಿಯಲ್ಲಿ ಕೂತ ನನ್ನ ಕಣ್ಣು ನೆಲದ ಮಟ್ಟಕ್ಕೆ ಇಳಿದಿತ್ತು. ಅವಳ ನಿಂತ ಕಾಲು ಕಾಣಿಸಿತು.

ಅದು ತಿರುಗುತ್ತಿತ್ತು.

ಮುಂಗಾಲಿನ ಮೇಲೆ ಹಗುರಾಗಿ ಹೊರಳಿ, ಕಿಕ್ ಚೀಲಕ್ಕೆ ತಾಗುವ ಹೊತ್ತಿಗೆ ಹಿಮ್ಮಡಿ ಚೀಲದ ಕಡೆಗೇ ಮುಖ ಮಾಡಿರುತ್ತಿತ್ತು. "ಹಿಮ್ಮಡಿ ತಿರುಗ್ಲಿ, ಹಿಮ್ಮಡಿ" ಅಂತ ಮಾಸ್ಟರು ಕ್ಲಾಸಿಗೆಲ್ಲ ಕೂಗುತ್ತಿದ್ದರು. ನನ್ನದು ತಿರುಗುತ್ತಿದೆ ಅಂತಲೇ ನಾನು ನಂಬಿದ್ದೆ. ಸೊಂಟ ತಿರುಗುತ್ತಿತ್ತು, ಭುಜ ತಿರುಗುತ್ತಿತ್ತು, ಪಾದ ಮಾತ್ರ ನೆಟ್ಟ ಗೂಟದ ಹಾಗೆ ನಿಂತಿರುತ್ತಿತ್ತು. ತಿರುಚಿದ್ದೆಲ್ಲ ಮಂಡಿಗೆ ಹೋಗಿತ್ತು.

ಯಾಕೆ ಹಾಗಾಯಿತು ಅನ್ನುವುದನ್ನು ಯೋಚಿಸಲಿಕ್ಕೆ ನನಗೆ ಬೇಕಾದಷ್ಟು ಸಮಯವಿತ್ತು. ನಮ್ಮ ತೋಟ ಕಡಿದಾದ ಇಳಿಜಾರು. ಚಿಕ್ಕಂದಿನಿಂದ ಅಲ್ಲಿ ಕಾಫಿ ಹಣ್ಣು ಕುಯ್ದವಳು ನಾನು. "ಊರಿದ ಕಾಲು ಅಲುಗಿಸ್ಬೇಡ ಮಗಾ" ಅಂತ ಅಪ್ಪ ಹೇಳಿಕೊಟ್ಟಿದ್ದರು. ಕೆಳಗಿನ ಕಾಲನ್ನು ಮಣ್ಣಿಗೆ ಒತ್ತಿ ನಿಂತ ಮೇಲೆ ಮೈಯನ್ನು ಎತ್ತ ಬೇಕಾದರೂ ತಿರುಗಿಸಿ ಕೊಂಬೆ ಎಳೆಯಬಹುದು. ಪಾದ ಹೊರಳಿದರೆ ಬುಟ್ಟಿ ಸಮೇತ ಕೆಳಗೆ. ಸುಮಿಗೆ ಚಿಕ್ಕಂದಿನಲ್ಲಿ ಉಬ್ಬಸ. ಬೆಳಗಿನ ಮಂಜಿನಲ್ಲಿ ಅವಳನ್ನು ತೋಟಕ್ಕೆ ಕಳಿಸುತ್ತಲೇ ಇರಲಿಲ್ಲ. ನಾನು ಇಳಿಜಾರಿನಲ್ಲಿ ಕಾಲೂರಿ ನಿಂತಾಗ ಅವಳು ಸ್ವೆಟರ್ ಹಾಕಿಕೊಂಡು ಈ ಸಮತಟ್ಟಾದ ಕಣದಲ್ಲಿ ಒಂಟಿ ಕಾಲಿನ ಮೇಲೆ ಹೊರಳುತ್ತ ಕುಂಟಾಬಿಲ್ಲೆ ಆಡುತ್ತಿದ್ದಳು. ಆಗಲೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಫಿಸಿಯೋಥೆರಪಿಸ್ಟ್‌ಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. "ಪಾದ ಫಿಕ್ಸ್ ಆಗಿ ಮೈ ತಿರುಗಿದ್ರೆ ಎಸಿಎಲ್ ಹರಿಯೋದೇ ಹಾಗೆ. ಈಗ ಹೊಸದಾಗಿ ಕಲೀರಿ. ಆದರೆ ನಾನು ಹೇಳೋವರೆಗೆ ಒದೀಬೇಡಿ" ಅಂದರು.

ಒದೆಯಲಿಲ್ಲ. ವಾಕರ್ ಬಿಟ್ಟೆ, ಬ್ರೇಸ್ ಬಿಟ್ಟೆ, ಒಂಟಿ ಕಾಲಿನಲ್ಲಿ ನಿಲ್ಲುವುದನ್ನು ಕಲಿತೆ. ಆ ವರ್ಷ ಕುಯ್ಲಿಗೆ ನಾನು ತೋಟಕ್ಕೆ ಇಳಿಯಲಿಲ್ಲ. ಕಣದಲ್ಲಿ ಕಾಫಿ ಒಣ ಹಾಕಿದ್ದರಿಂದ ಕೊಟ್ಟಿಗೆಯ ಗೋಡೆ ಹಿಡಿದು, ಕಾಲೆತ್ತದೆ, ಬರೀ ಹಿಮ್ಮಡಿ ತಿರುಗಿಸುತ್ತಿದ್ದೆ. "ಭಾರ ಮುಂಗಾಲಿಗೆ ಹಾಕು ಅಕ್ಕ" ಅನ್ನುತ್ತಿದ್ದಳು ಸುಮಿ. ತಂಗಿಯಿಂದ ಪಾಠ ಹೇಳಿಸಿಕೊಳ್ಳುವುದು ಎಕ್ಸರ್‌ಸೈಜಿಗಿಂತ ನೋವಿನ ಕೆಲಸ. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ಅವಳು ಮುಂದೆ ಹೋಗುತ್ತಿದ್ದಾಳೆ ಅನ್ನುವ ಸಂಕಟ ನನ್ನನ್ನು ಮಲಗಲು ಬಿಡುತ್ತಿರಲಿಲ್ಲ.

ಕುಯ್ಲು ಮುಗಿದ ಮೇಲೆ ಸುಮಿಗೆ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ಬಂತು. ಚಿಕ್ಕಮಗಳೂರಿಗೆ ಜೊತೆಗೆ ಹೋದವಳು ನಾನು. ಗೋಡೆಗೊರಗಿ ಕೂತೆ. ಮಾಸ್ಟರು ಅವಳ ಸೊಂಟಕ್ಕೆ ಕಪ್ಪು ಬೆಲ್ಟ್ ಕಟ್ಟುವಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಖುಷಿಯಾಗಲಿಲ್ಲ ಅಂದರೆ ಸುಳ್ಳು. ಉರಿಯಲಿಲ್ಲ ಅಂದರೆ ಇನ್ನೂ ದೊಡ್ಡ ಸುಳ್ಳು. ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೊರಗಿ ನಿದ್ದೆ ಮಾಡಿದಳು. ಬೆಲ್ಟ್ ಇದ್ದ ಬ್ಯಾಗು ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿತ್ತು.

ಮೊನ್ನೆ ಫಿಸಿಯೋಥೆರಪಿಸ್ಟ್ ಒಪ್ಪಿಗೆ ಕೊಟ್ಟರು. ಮೆಲ್ಲಗೆ, ಸೊಂಟಕ್ಕಿಂತ ಕೆಳಗೆ.

ನಿನ್ನೆ ಬೆಳಗ್ಗೆ ಕಣಕ್ಕೆ ಹೋದರೆ ಚೀಲ ಕೆಳಗಿಳಿದಿತ್ತು. ನಾನು ಕೇಳುವ ಮೊದಲೇ ಸುಮಿ ಹಗ್ಗ ಬಿಚ್ಚಿ ನನ್ನ ತೊಡೆಯ ಮಟ್ಟಕ್ಕೆ ಕಟ್ಟಿದ್ದಳು. ಚೀಲ ಅಲುಗದ ಹಾಗೆ ಹಿಂದಿನಿಂದ ಹಿಡಿದುಕೊಂಡಳು. ನನಗೆ ಭಯ. ಬಲ ಮಂಡಿ ಎತ್ತಿದೆ. ಎಡಪಾದದ ಭಾರವನ್ನು ಮುಂಗಾಲಿಗೆ ತಂದೆ. ಹಿಮ್ಮಡಿಯನ್ನು ತಿರುಗಲು ಬಿಟ್ಟೆ.

ಫಟ್.

ಮಂಡಿ ಅಲುಗಲಿಲ್ಲ.

ಅಡಿಗೆಮನೆಯಿಂದ ಅಮ್ಮನ ದನಿ ಬಂತು. "ಸುಮಿ, ಸಾಕು ಒದ್ದಿದ್ದು. ರೊಟ್ಟಿ ಆರ್ತಿದೆ, ಅಕ್ಕನ್ನ ಕರ್ಕೊಂಡು ಒಳಗೆ ಬಾ."

ಸುಮಿ ಚೀಲದ ಹಿಂದಿನಿಂದ ಇಣುಕಿ ನನ್ನ ಮುಖ ನೋಡಿದಳು.

"ನಾನಲ್ಲಮ್ಮ" ಅಂದಳು. "ಒದ್ದಿದ್ದು ಅಕ್ಕ."