ಮೆಣಸಿನಪುಡಿ ಜವರಣ್ಣ

ಬೇರೆಯವರು ಬೀಡಿಕಟ್ಟು ಇಟ್ಟುಕೊಳ್ಳುವ ಅಂಗಿಜೇಬಿನಲ್ಲಿ ಬಾಗೂರಿನ ಜವರಣ್ಣ ಮೆಣಸಿನಪುಡಿಯ ಪೊಟ್ಟಣ ಇಟ್ಟುಕೊಳ್ಳುತ್ತಿದ್ದರು. ಅವರು ನಾಯಿ ಪಳಗಿಸುವವರು. ಚನ್ನರಾಯಪಟ್ಟಣದ ಸುತ್ತಮುತ್ತ ತೆಂಗಿನ ತೋಟ, ಕೊಬ್ಬರಿ ಅಟ್ಟ ಇದ್ದವರೆಲ್ಲ ಮರಿ ತಂದು ಅವರಿಗೆ ಒಪ್ಪಿಸುತ್ತಿದ್ದರು. ಮಾಂಸದ ತುಂಡಿಗೆ ಪುಡಿ ತುಂಬಿ ಬೇರೆಯವರ ಕೈಯಲ್ಲಿ ಕೊಡಿಸುವುದು, ನಾಯಿ ಬಾಯಿ ಹಾಕುತ್ತಲೇ ಹುಣಸೆ ಬರಲಿನಿಂದ ಬೆನ್ನಿಗೊಂದು ಬಾರಿಸುವುದು. ನಾಲ್ಕು ಸಲ ಹೀಗಾದ ನಾಯಿ ಮತ್ತೆ ಪರರ ಕೈಯ ಅನ್ನ ಮುಟ್ಟುತ್ತಿರಲಿಲ್ಲ. ಕಳ್ಳರು ಮತ್ತಿನ ಔಷಧಿ ಹಾಕಿ ನಾಯಿ ಮಲಗಿಸುವ ಕಡೆ ಈ ವಿದ್ಯೆಗೆ ಬೆಲೆಯಿತ್ತು.

ನಾನೂ ನಾಯಿ ಪಳಗಿಸುವವಳೇ. ಮೈಸೂರಿನಲ್ಲಿ ಕಲಿತು ಬಂದವಳು. ಹೊಡೆಯುವುದಿಲ್ಲ, ಹೇಳಿದ್ದು ಕೇಳಿದರೆ ಬೇಯಿಸಿದ ಕೋಳಿ ಲಿವರಿನ ಚೂರು ಕೊಡುತ್ತೇನೆ. ಕೋಲು ಮೇಲೋ ತಿಂಡಿ ಮೇಲೋ ಎಂದು ಹಾಸನದಿಂದ ಹೊಳೆನರಸೀಪುರದವರೆಗೆ ಎಷ್ಟೋ ಜಗಲಿಗಳಲ್ಲಿ ಕೂತು ವಾದ ಮಾಡಿದ್ದೇನೆ. ಈಗ ಯಾರಾದರೂ ಆ ಮಾತೆತ್ತಿದರೆ ಸ್ಕೂಟರಿನ ಕೀಲಿ ಹುಡುಕಿಕೊಳ್ಳುತ್ತೇನೆ. ಸಾಕಾಗಿದೆ.

ಮೊದಲ ವಾದ ನಡೆದದ್ದು ಜವರಣ್ಣನ ಜೊತೆಗೇ. ಶಾಂತಿಗ್ರಾಮದ ಒಂದು ಮನೆಯಲ್ಲಿ ನಾನು ಮರಿಗೆ ಕೂರಲು ಕಲಿಸುತ್ತಿದ್ದೆ. ಗೇಟಿನ ಹತ್ತಿರ ನಿಂತು ನೋಡಿದ ಅವರು, "ಏನವ್ವಾ, ಇದು ಪಾಠವಾ, ಬೀಗರೂಟವಾ?" ಅಂದರು.

"ಏಟು ತಿಂದು ಕಲಿತದ್ದು ಹೆದರಿಕೆ ಜವರಣ್ಣ, ವಿದ್ಯೆಯಲ್ಲ."

"ದಂಡಂ ದಶಗುಣಂ ಅಂತ ಇರಿಯೋರು ಸುಮ್ಕೆ ಏಳಿಲ್ಲ. ಉಂಡ್ ಮನೆ ಕಾಯೋದು ನಾಯಿ ಧರ್ಮ ಕಣವ್ವ. ಅದುಕ್ ಲಂಚ ಯಾತಕ್ಕೆ?"

ಮರುವರ್ಷ ದುದ್ದದಲ್ಲಿ ನಾನು ಕಲಿಸಿದ ನಾಯಿ ಕಳ್ಳರು ಎಸೆದ ಬನ್ನು ತಿಂದು ಬೆಳಗಿನವರೆಗೆ ಗೊರಕೆ ಹೊಡೆಯಿತು. ಅಟ್ಟ ಖಾಲಿ. ಸುದ್ದಿ ತಿಳಿದ ಜವರಣ್ಣ ಬಸ್ಸು ಹತ್ತಿ ಅಲ್ಲಿಗೇ ಬಂದರು. "ನಿನ್ ನಾಯಿ ಕಳ್ರು ಕೂತ್ಕೊ ಅಂದ್ರೂ ಕೂತದೆ ಬುಡವ್ವ" ಅಂತ ನಕ್ಕರು. ನನ್ನ ಕಣ್ಣಲ್ಲಿ ನೀರು ಕಂಡು ಮೆತ್ತಗಾಗಿ ಟೀ ಕುಡಿಸಿದರು. ಅವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ನನಗೆ ಆಗದೇ ಹೋದದ್ದು ಆ ಟೀಯಿಂದಲೇ ಇರಬೇಕು.

ಅವರ ಹೆಮ್ಮೆಯೆಂದರೆ ಸಣ್ಣಿ, ಅವರದೇ ಹೆಣ್ಣುನಾಯಿ. ಅದು ಕಳ್ಳರ ಕೈಯದಿರಲಿ, ಮನೆಯ ಸೊಸೆ ಜಯಮ್ಮನ ಕೈಯದನ್ನೂ ಮುಟ್ಟುತ್ತಿರಲಿಲ್ಲ. "ಮನೆಯೋರಾದ್ರೇನು? ನಂದ್ ಬುಟ್ರೆ ಮಿಕ್ಕಿದ್ದೆಲ್ಲಾ ಪರಾಯಿ ಕೈಯೇ" ಅನ್ನುತ್ತಿದ್ದರು. ಒಮ್ಮೆ ನನ್ನಿಂದಲೇ ಮಾಂಸದ ತುಂಡು ಹಿಡಿಸಿ ಪರೀಕ್ಷೆ ಮಾಡಿಸಿದರು. ಸಣ್ಣಿ ಮುಖ ತಿರುಗಿಸಿತು. ಜೊಲ್ಲು ಸುರಿಯುತ್ತಿತ್ತು, ಹಿಂಗಾಲು ನಡುಗುತ್ತಿತ್ತು. ಜವರಣ್ಣನಿಗೆ ಕಂಡದ್ದು ತಿರುಗಿದ ಮುಖ ಮಾತ್ರ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಹಾಸನದ ಆಸ್ಪತ್ರೆಗೆ ಸೇರಿಸಿದ ಮೂರನೆಯ ದಿನ ಜಯಮ್ಮ ಫೋನು ಮಾಡಿದರು. "ಸಣ್ಣಿ ಒಂದ್ ತುತ್ತೂ ಮುಟ್ಟಿಲ್ಲ ಕಣಕ್ಕ. ಮಾವನ ಟವಲ್ ಪಕ್ಕದಾಗಿಟ್ರೂ ತಿನ್ನಕಿಲ್ಲ. ಸತ್ತೋಯ್ತದೆ. ಮಾವ ನಿಮ್ನೇ ಕರಿ ಅಂದ್ರು."

ದಿನಾ ಬೆಳಿಗ್ಗೆ ಬಾಗೂರಿಗೆ ಹೋಗತೊಡಗಿದೆ. ಕೊಟ್ಟಿಗೆಯಲ್ಲಿ ತಟ್ಟೆಯಿಟ್ಟು, ಬೆನ್ನು ತಿರುಗಿಸಿ ಕೂರುವುದು, ಕರೆಯದಿರುವುದು, ಕೈ ಚಾಚದಿರುವುದು. ಸಣ್ಣಿ ನೀರು ಕುಡಿದು ಮೂಲೆ ಸೇರುತ್ತಿತ್ತು. ಪಕ್ಕೆಲುಬು ಎಣಿಸುವಂತಾಗಿತ್ತು. ನನಗೂ ಸೊಂಟ ಹಿಡಿದು, ಈ ಕಸುಬೇ ಬೇಡ ಅನ್ನಿಸಿತ್ತು. ನಾಲ್ಕನೆಯ ಬೆಳಿಗ್ಗೆ ಸಣ್ಣಿ ನನ್ನ ಮಂಡಿಯ ಪಕ್ಕದಲ್ಲಿದ್ದ ಲಿವರಿನ ಚೂರನ್ನು ತೆಗೆದುಕೊಂಡಿತು. ನುಂಗಿದ ಕೂಡಲೇ ಬೆನ್ನು ಬಗ್ಗಿಸಿ, ಕಣ್ಣು ಮುಚ್ಚಿ, ಏಟಿಗೆ ಕಾಯುತ್ತಾ ನಿಂತಿತು. ಏಟು ಬೀಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಅಂಗೈಯಿಂದಲೇ ಇನ್ನೊಂದು ಚೂರು ತಿಂದಿತು. ಗೆದ್ದೆ ಅನ್ನಿಸಲಿಲ್ಲ. ಜಯಮ್ಮ ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಅತ್ತುಬಿಟ್ಟೆ.

ಅಂದೇ ಸಂಜೆ ಆಸ್ಪತ್ರೆಗೆ ಹೋದೆ. ಜವರಣ್ಣನ ಬಲಗೈ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು.

"ತಿಂತಾ?"

"ತಿಂತು."

"ಯಾರ್ ಕೈಯಾಗೆ?"

"ನನ್ನ ಕೈಯಲ್ಲಿ ಜವರಣ್ಣ."

"ಎಂಟ್ ವರ್ಸದ್ ಕೆಲ್ಸ ಕೆಡಿಸ್ಬುಟ್ಟೆ ಕಣವ್ವ" ಅಂದರು. ಕಣ್ಣೀರು ಕಿವಿಗೆ ಇಳಿಯುತ್ತಿತ್ತು, ನಾನೇ ಒರೆಸಿದೆ. ಆಮೇಲೆ ಕೇಳಿದರು: "ನಾಳೀಕೂ ಓಯ್ತೀಯಾ?"

"ಹೋಗ್ತೀನಿ."

"ವಸಿ ಜಾಸ್ತಿ ಆಕು. ಅಸ್ಕೊಂಡದೆ."

ಮಾರನೆಯ ಬೆಳಿಗ್ಗೆ ನಾನು ಬಾಗೂರು ಮುಟ್ಟುವಷ್ಟರಲ್ಲಿ ಅವರನ್ನು ಹಾಸನದಿಂದ ತಂದು ಅಂಗಳದಲ್ಲಿ ಮಲಗಿಸಿದ್ದರು. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಸಾವಿನ ಮನೆ, ಒಲೆ ಹಚ್ಚಿರಲಿಲ್ಲ. ನಾನು ಅಂಗಳ ದಾಟಿ ನೇರ ಕೊಟ್ಟಿಗೆಗೆ ನಡೆದೆ. "ಎಣದ್ ಮೊಕ ನೋಡ್ದೆ ಎಲ್ಲೋದ್ಲು ಇವ್ಳು?" ಎಂದು ಯಾರೋ ಅಂದದ್ದು ಕೇಳಿಸಿತು. ಡಬ್ಬಿ ಬಿಚ್ಚಿದೆ. ಅಂದು ಅನ್ನ ಜಾಸ್ತಿಯೇ ತಂದಿದ್ದೆ. ಸಣ್ಣಿ ತಿಂದು ಮುಗಿಸುವವರೆಗೂ ನಾನು ಜವರಣ್ಣನ ಹತ್ತಿರ ಹೋಗಲಿಲ್ಲ.