ಶಬ್ದದ ಊರು

ಬಾದಾಮಿಯಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಟೀಚರ್ ಹೊಸ ಶಬ್ದ ಬರೆದಾಗಲೆಲ್ಲ ಸೆರಗಿಗೆ ಕೈ ಒರೆಸಿಕೊಂಡು, "ಈ ಶಬ್ದದ ಊರು ಯಾವ್ದು?" ಎಂದು ಕೇಳುತ್ತಿದ್ದರು. ಒಮ್ಮೆ 'ಗ್ಯಾಮಿನ್' ಎಂದು ಬರೆದರು. ಬೀದಿಯಲ್ಲೇ ಬೆಳೆಯುವ ಮಗು ಎಂದರ್ಥ. "ಫ್ರಾನ್ಸಿನಿಂದ ಬಂದೈತಿ. ಅದಕ್ಕೂ ಹಿಂದಿನ ಊರು ಯಾರಿಗೂ ಖರೆ ಗೊತ್ತಿಲ್ಲ" ಎಂದರು.

ಅದೇ ವಾರ ಟೀಚರ್, ಬಸ್‌ಸ್ಟ್ಯಾಂಡಿನಲ್ಲಿ ಬಾಚಣಿಗೆ ಮಾರುತ್ತಿದ್ದ ಹುಡುಗಿಯೊಬ್ಬಳನ್ನು ಶಾಲೆಗೆ ಕರೆತಂದರು. ಗುಮಾಸ್ತರು ಅವಳ ಊರು ಕೇಳಿದರು. "ಗೊತ್ತಿಲ್ರಿ" ಎಂದಳು.

"ಊರು ಗೊತ್ತಿಲ್ಲಂದ್ರ ಹೆಸರು ಹೆಂಗ ಹಚ್ಚೂದ್ರಿ, ಟೀಚರ್?"

ಟೀಚರ್ ಡಿಕ್ಷನರಿ ತೆರೆದು 'ಗ್ಯಾಮಿನ್' ಶಬ್ದದ ಮೇಲೆ ಬೆರಳಿಟ್ಟರು. "ಇದರ ಊರೂ ಗೊತ್ತಿಲ್ರಿ. ಆದ್ರೂ ಇಲ್ಲಿ ಹೆಸರು ಹಚ್ಯಾರ."

ಮರುದಿನ ಹುಡುಗಿ ನಮ್ಮ ವರ್ಗದ ಮೊದಲ ಬೆಂಚಿನಲ್ಲಿ ಕುಳಿತಳು. ಟೀಚರ್ ಮತ್ತೆಂದೂ ಯಾವ ಶಬ್ದದ ಊರನ್ನೂ ಕೇಳಲಿಲ್ಲ.